ಕಾಸಿಮೇಡಿನಲ್ಲಿ ಮೀನಿಲ್ಲ

ನಮ್ಮ ಮನೆಯವರು ಮಕ್ಕಳಿಗಾಗಿ ಕಾದಂಬರಿ ಬರೆದರು. ಗಂಡನ ಹೆಸರು ನನ್ನ ಬಾಯಲ್ಲಿ ಬರಬಾರದು; ಹಸ್ತಪ್ರತಿಯ ಮೇಲೆ ದಪ್ಪ ಅಕ್ಷರದಲ್ಲಿ ‘ಹರಿದಾಸರಾವ್, ತಿರುವಲ್ಲಿಕ್ಕೇಣಿ, ಚೆನ್ನೈ’ ಎಂದಿದೆ, ನೀವೇ ಓದಿಕೊಳ್ಳಿ. ಇನ್ಶೂರೆನ್ಸ್ ಆಫೀಸಿನಿಂದ ರಿಟೈರ್ ಆದವರು ಎಲ್ಲರ ಹಾಗೆ ಬೀಚಿಗೆ ವಾಕಿಂಗ್ ಹೋಗಬಾರದೇ? ಇಲ್ಲ. ಚಂದ್ರಗಿರಿಯ ಅರಸನ ಮುದ್ರೆಯುಂಗುರ ಹಿಂದೆ ಯಾವಾಗಲೋ ಮದರಾಸಿನಲ್ಲಿ ಕಳೆದುಹೋಯಿತಂತೆ, ಅದನ್ನು ಸತ್ಯಾತ್ಮ ಎಂಬ ಹುಡುಗ ಹುಡುಕಬೇಕಂತೆ. ಐತಿಹಾಸಿಕ, ರಹಸ್ಯಮಯ, ಸಾಹಸಮಯ ಕಾದಂಬರಿ!

ಸಾಹಸ ಎಂಥದ್ದು ಕೇಳಿ. ಹುಡುಗ ಸುರಂಗದ ಬಾಯಿಗೆ ಬಂದ ದಿನವೇ ಏಕಾದಶಿ. ಅವನು ಉಪವಾಸ ಮಾಡಿ, ದ್ವಾದಶಿ ಪಾರಣೆ ಮುಗಿಸಿಕೊಂಡೇ ಒಳಗಿಳಿಯುತ್ತಾನೆ. ಅಲ್ಲಿಯವರೆಗೂ ಕಳ್ಳ ಹೊರಗೆ ಕಾಯುತ್ತಾ ಕೂತಿರುತ್ತಾನೆ, ಪಾಪ. ಅವನೇ ಕಳ್ಳ ಎಂದು ಗೊತ್ತಾಗುವುದು ಹೇಗೆ? ಬಾಯಲ್ಲಿ ಈರುಳ್ಳಿ ವಾಸನೆ! ಕೊನೆಗೆ ಉಂಗುರ ಕಣ್ಣಿಗೆ ಬಿದ್ದರೂ, ಮಡಿಯಲ್ಲಿಲ್ಲ ಎಂದು ಮುಟ್ಟದೆ ಹುಡುಗ ಸ್ನಾನಕ್ಕೆ ಹೋಗುತ್ತಾನೆ.

ಕಥೆ ಮುಗಿಯುವುದು ಕಾಸಿಮೇಡಿನ ಮೀನುಗಾರರ ಬಂದರಿನಲ್ಲಿ. ಹುಟ್ಟಿದಾಗಿನಿಂದ ಇದೇ ಊರಲ್ಲಿದ್ದರೂ ಇವರು ಆ ಕಡೆ ತಲೆ ಹಾಕಿ ಮಲಗಿದವರಲ್ಲ. ಹಾಗಾಗಿ ಇವರ ಕಾಸಿಮೇಡಿನಲ್ಲಿ ಮೀನೇ ಇಲ್ಲ. ಬೆಳಗಿನ ಹರಾಜಿನಲ್ಲಿ ಮಲ್ಲಿಗೆ ಹೂವು ಕೂಗುತ್ತಾರೆ.

“ಏನ್ರೀ ಇದು, ಬಂದರಿನಲ್ಲಿ ಮಲ್ಲಿಗೆ?” ಎಂದೆ.

“ಮಕ್ಕಳು ಓದೋ ಪುಸ್ತಕ ಕಣೇ. ಶುದ್ಧವಾಗಿರಬೇಕು.”

ಹೆತ್ತವರಿಗೆ ಹೆಗ್ಗಣ ಮುದ್ದು.

ಕನ್ನಡ ಸಂಘದ ಕಾರ್ಯದರ್ಶಿ ಕಿಟ್ಟಣ್ಣ ಬಂದರು, ಕಾಫಿ ಕುಡಿದರು, ಅಡ್ಡಗೋಡೆಯ ಮೇಲೆ ದೀಪ ಇಟ್ಟರು. “ರಾಯರೇ, ಸಂಘದಿಂದಲೇ ಅಚ್ಚು ಹಾಕಿಸೋಣ. ಆದ್ರೆ ಕಮಿಟಿಯೋರು ಕೇಳ್ತಾರೆ, ಚೆನ್ನೈನಲ್ಲಿ ಇದು ಯಾವ ಮಗೂಗೆ ಬೇಕು ಅಂತ. ರಾಜ್ಯೋತ್ಸವದ ದಿನ ಒಂದೇ ಒಂದು ಮಗು ಸ್ಟೇಜ್ ಮೇಲೆ ನಿಂತು ಈ ಕಥೆ ಹೇಳ್ಲಿ, ಸಾಕು.”

ಅವರು ಹೋದ ಮೇಲೆ ಇವರು ನನ್ನ ಹತ್ತಿರ ಬಂದು ನಿಂತರು. “ಒಂದೇ ಮಗು ರಮಾ. ಒಂದು ಮಗು ಕೇಳಿದ್ರೆ ಸಾಕು.” ಇಷ್ಟು ವರ್ಷದಲ್ಲಿ ಈ ಮನುಷ್ಯ ತಮಗಾಗಿ ಆಸೆಪಟ್ಟದ್ದು ಇದೊಂದನ್ನೇ.

ದಸರಾ ರಜೆಗೆ ಮಗಳು ವಿಮಲಾ ಇದೇ ಊರಿನ ಕ್ರೋಂಪೇಟೆಯಿಂದ ಬಂದು ಕೌಶಿಕ್ ಮತ್ತು ಶ್ರೀವಿದ್ಯಾರನ್ನು ನಮ್ಮಲ್ಲಿ ಬಿಟ್ಟುಹೋದಳು. ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಬರುವುದು ತಮಿಳಿನಲ್ಲಿ. ಅಕ್ಷರವಂತೂ ಬಾರದು. ಇವರು ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ರಾಜ್ಯೋತ್ಸವದ ದಿನ ಸ್ಟೇಜ್ ಮೇಲೆ ಈ ಕಥೆ ಯಾರು ಹೇಳ್ತೀರಿ ಎಂದು ಕೇಳಿ, ಪ್ರವಚನದ ಧಾಟಿಯಲ್ಲಿ ಓದಿದರು. ಏಕಾದಶಿ ಮುಗಿಯುವಷ್ಟರಲ್ಲಿ ಶ್ರೀವಿದ್ಯಾ ನಿದ್ದೆ ಹೋಗಿದ್ದಳು. “ಸೆಮ ಬೋರ್ ತಾತಾ” ಎಂದು ಕೌಶಿಕ್ ಟಿವಿಯ ಮುಂದೆ ಓಡಿದ.

ಇವರು ಹಾಳೆಗಳನ್ನು ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ ಅಟ್ಟಕ್ಕೆ ಹಾಕಿದರು. “ಇರ್ಲಿ ಬಿಡು, ಪಾಪ, ಮಕ್ಕಳಿಗ್ಯಾಕೆ ತೊಂದರೆ” ಎಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಂದು ಸಂಜೆ ಸಾರನ್ನ ಕಲಸಿಕೊಂಡು ಮಕ್ಕಳಿಗೆ ಕೈತುತ್ತು ಹಾಕಲು ಕೂತೆ. ಕೈತುತ್ತಿಗೆ ಕಥೆ ಬೇಕೇ ಬೇಕು. ಕಥೆ ನಿಂತರೆ ಚಾಚಿದ ಕೈ ಹಿಂದಕ್ಕೆ ಹೋಗುತ್ತದೆ. ಆದದ್ದಾಗಲಿ ಎಂದು ಸತ್ಯಾತ್ಮನ ಕಥೆಯನ್ನೇ ಎತ್ತಿಕೊಂಡೆ. ಏಕಾದಶಿಯನ್ನು ಹಾರಿಸಿದೆ. ಸ್ನಾನಕ್ಕೂ ಕೈಮುಗಿದೆ. ಕಳ್ಳ ಉಂಗುರ ಕಿತ್ತುಕೊಂಡು ಓಡಿದ, ಹುಡುಗ ಅಟ್ಟಿಸಿಕೊಂಡು ಹೋದ.

“ಅಪ್ಪುರಂ?” ಆಮೇಲೇನಾಯಿತು ಎಂದು ಕೌಶಿಕ್ ಕೈ ಚಾಚಿದ.

ಆಮೇಲೇನು, ಕಾಸಿಮೇಡು! ನನಗೆ ಹುರುಪು ಬಂದುಬಿಟ್ಟಿತು. ಬುಟ್ಟಿ ಬುಟ್ಟಿ ಮೀನು ಸುರಿದೆ, ಗಂಟಲು ಹರಿಯುವಂತೆ ಹರಾಜು ಕೂಗಿಸಿದೆ. ಕಳ್ಳ ಮೀನಿನ ಮೇಲೆ ಕಾಲಿಟ್ಟು ಜಾರಿದ. ಉಂಗುರ ಹಾರಿ ಒಂದು ದೊಡ್ಡ ಮೀನಿನ ಬಾಯೊಳಗೆ ಬಿತ್ತು. ಅಯ್ಯೋ ರಾಮ, ಊಟದ ಹೊತ್ತಿನಲ್ಲಿ, ದೇವರ ಮನೆಯ ಎದುರಿಗೆ, ಮಾಧ್ವರ ಮನೆಯ ಹೆಂಗಸು ‘ಮೀನು, ಮೀನು’ ಎಂದು ಕೂಗುತ್ತಿದ್ದೇನೆ! ನಮ್ಮತ್ತೆ ಬದುಕಿದ್ದರೆ ಅನ್ನದ ಪಾತ್ರೆಯನ್ನು ಬೀದಿಗೆ ಎಸೆಯುತ್ತಿದ್ದರು.

ತಲೆಯೆತ್ತಿದರೆ ಬಾಗಿಲಲ್ಲಿ ಇವರು. ಯಾವಾಗಿನಿಂದ ನಿಂತಿದ್ದರೋ.

“ನಾನು ಬರ್ದಿದ್ದು ಹೀಗಲ್ಲ ರಮಾ” ಎಂದರು ಮೆಲ್ಲಗೆ.

“ಶ್ಶ್! ತಾತಾ, ಪೇಸಾದೀಂಗ!” ಎಂದು ಕೌಶಿಕ್ ಅವರ ಬಾಯಿ ಮುಚ್ಚಿಸಿದ. “ಅಜ್ಜಿ, ಆ ಮೀನ್ ಯಾರ್ ವಾಂಗಿನಾಂಗ?”

ಯಾರು ಕೊಂಡರೋ ನನಗೇನು ಗೊತ್ತು? ಅಲ್ಲಿಂದ ಮುಂದಕ್ಕೆ ನನ್ನ ತಲೆಯಲ್ಲೂ ಏನೂ ಇರಲಿಲ್ಲ. ಮಕ್ಕಳ ಕೈ ಹಿಂದೆ ಸರಿಯಿತು.

“ಏನ್ರೀ, ನೀವೇ ಹೇಳಿ” ಎಂದೆ. “ಯಾರೋ ಮೀನು ಎತ್ಕೊಂಡು ಹೋಗ್ತಿದಾರೆ. ನಿಮ್ಮ ಹುಡುಗ ಸುಮ್ನೆ ನಿಂತಿದಾನೆ.”

ಇವರು ದೇವರ ಮನೆಯ ಕಡೆ ನೋಡಿದರು. ಮೊಮ್ಮಕ್ಕಳನ್ನು ನೋಡಿದರು. ಮಂಡಿ ಹಿಡಿದುಕೊಂಡು ನಿಧಾನವಾಗಿ ನೆಲದ ಮೇಲೆ ಕೂತರು. ಬೆವರು ಒರೆಸಿಕೊಂಡರು.

“ಸತ್ಯಾತ್ಮ ಯಾಕೆ ಸುಮ್ನೆ ನಿಲ್ತಾನೆ? ಓಡಿಹೋಗಿ ಮೀನಿನ ಬಾಯೊಳಗೆ ಕೈ ಹಾಕ್ದ” ಎಂದರು. “ಮೊಣಕೈ ತನಕ.”

“ಚೀ!” ಎಂದು ಶ್ರೀವಿದ್ಯಾ ಖುಷಿಯಿಂದ ಕಿರುಚಿದಳು. ಎರಡೂ ಕೈಗಳು ಮತ್ತೆ ಮುಂದೆ ಬಂದವು. ನನಗೆ ನಗು ಬಂತು, ಅಳುವೂ ಬಂತು. ಇವರ ಬಾಯಿಂದ ಕಥೆ ಹರಿಯುತ್ತಲೇ ಇತ್ತು, ನಾನು ತುತ್ತು ಹಾಕುತ್ತಲೇ ಇದ್ದೆ.

ಪಾತ್ರೆ ಬರಿದಾದ ಮೇಲೆ ಕೌಶಿಕ್ ತಾತನ ತೊಡೆಗೆ ಒರಗಿದ. “ತಾತಾ, ಸ್ಟೇಜ್‌ಲ ನಾನೇ ಹೇಳ್ತೀನಿ. ಆನಾ ಮೀನ್ ಇರಣುಂ.” ಮೀನು ಇರಲೇಬೇಕೆಂದು ಅವನ ಷರತ್ತು.

ರಾಜ್ಯೋತ್ಸವದ ಸಭೆ, ಮುಂದಿನ ಸಾಲಿನಲ್ಲಿ ಜರಿ ಶಲ್ಯದ ರಾಯರುಗಳು, ಕಿಟ್ಟಣ್ಣ. ಎಲ್ಲ ನನ್ನ ಕಣ್ಣ ಮುಂದೆ ಬಂತು. ಇವರ ಕಣ್ಣ ಮುಂದೆಯೂ ಬಂದಿರಬೇಕು.

“ಇರ್ಲಿ ಕಣೋ ರಾಜ” ಎಂದರು. “ಮೀನಿಲ್ದೆ ಎಂಥಾ ಕಾಸಿಮೇಡು?”