ಕೇರಿಯ ಮುಂದಿನ ಸೇತುವೆ

ಭಾನುವಾರ ಬೆಳಿಗ್ಗೆ ಬಸಯ್ಯ ಸೊಲ್ಲಾಪುರದಲ್ಲಿರುವ ತಮ್ಮನ ಮನೆಗೆ ಬಂದಾಗ ತಾಯಿ ಕಾಶೀಬಾಯಿ ಪಡಸಾಲೆಯಲ್ಲಿ ಕುಳಿತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಹಿರಿಯ ಮಗನನ್ನು ಕಂಡು ಅವಳ ಮುಖ ಅರಳಿತು. ಬಸಯ್ಯ ಊರಿನಿಂದ ತಂದ ಜೋಳದ ಚೀಲವನ್ನು ಗೋಡೆಗೆ ಒರಗಿಸಿ, ತಾಯಿಯ ಕಾಲು ಮುಟ್ಟಿ ಒಳಗೆ ಹೋದ. ಅವನು ಬಂದದ್ದು ತಾಯಿಯನ್ನು ನೋಡುವುದಕ್ಕಲ್ಲ ಎಂದು ತಮ್ಮ ಚಂದ್ರಶೇಖರನಿಗೆ ಗೊತ್ತಿತ್ತು.

ಚಂದ್ರಶೇಖರ ಸರಕಾರಿ ಎಂಜಿನಿಯರ್. ಅಕ್ಕಲಕೋಟದ ಆಚೆ, ಬೋರಿ ಹೊಳೆಯ ದಂಡೆಯಲ್ಲಿದ್ದ ಅವನ ಹುಟ್ಟೂರಿಗೆ ಹೊಸ ಸೇತುವೆ ಮಂಜೂರಾಗಿತ್ತು. ಅದು ಎಂಥದಿರಬೇಕು, ಎಲ್ಲಿರಬೇಕು ಎಂದು ಶಿಫಾರಸು ಮಾಡುವ ಕೆಲಸ ಅವನ ಪಾಲಿಗೆ ಬಂದಿತ್ತು. ಈಗ ಜನ ದಾಟುವ ತಗ್ಗಿನಲ್ಲೇ, ಊರ ಹೆಬ್ಬಾಗಿಲಾದ ಅಗಸೆಯ ಎದುರಿಗೆ, ತಗ್ಗಿನ ಸೇತುವೆ ಕಟ್ಟಬಹುದಿತ್ತು. ದೊಡ್ಡ ಮಳೆ ಬಂದರೆ ಅದು ಮುಳುಗುತ್ತದೆ. ಇಲ್ಲವೇ ಸ್ವಲ್ಪ ಮೇಲಕ್ಕೆ, ಎರಡೂ ದಂಡೆ ಎತ್ತರವಾಗಿ, ತಳದಲ್ಲಿ ಗಟ್ಟಿ ಬಂಡೆಯಿರುವಲ್ಲಿ, ಎಂಥ ನೆರೆಗೂ ಮುಳುಗದ ಎತ್ತರದ ಸೇತುವೆ ಕಟ್ಟಬಹುದಿತ್ತು. ಆದರೆ ಊರ ಕಡೆಯ ಆ ದಂಡೆಯ ಮೇಲೆ ದಲಿತರ ಕೇರಿಯಿತ್ತು. ಸೇತುವೆ ಅಲ್ಲಿಗೆ ಬಂದರೆ ಊರಿಗೆ ಹೋಗುವವರೆಲ್ಲ ಕೇರಿಯ ನಡುವೆಯೇ ಹಾದುಹೋಗಬೇಕಾಗುತ್ತಿತ್ತು.

"ಶೇಖರ, ತಗ್ಗಿನ ಪೂಲೇ ಆಗಲಿ ಅಂತ ಬರಿ," ಎಂದು ಬಸಯ್ಯ ಚಹಾದ ಕಪ್ಪು ಕೆಳಗಿಟ್ಟ. "ಊರಾಗ ಎಲ್ಲಾರೂ ಹಂಗ ಅಂತಾರ."

"ಎಲ್ಲಾರೂ ಅಂದ್ರ, ಕೇರಿಯವ್ರನ್ನೂ ಕೇಳೀಯೇನಣ್ಣಾ?"

"ನಾ ಏನ್ ಅವ್ರ ವೈರಿ ಅಲ್ಲ. ಧರೆಪ್ಪ ನಮ್ಮ ಹೊಲದಾಗ ಆಡಿ ಬೆಳದಾಂವ. ಆದ್ರ ಅಗಸಿ ಅಂದ್ರ ಊರಿನ ಮಾರಿ ಇದ್ದಂಗ. ಅದನ್ನ ಕೇರಿ ಕಡೆ ತಿರುವಿದ್ರ ಬೀಗರು, ನೆಂಟರು ಏನಂದಾರು? ಹಿರ್ಯಾರು ನಡಸಿಕೊಂಡು ಬಂದದ್ದನ್ನ ನಮ್ಮ ಕಾಲಕ್ಕ ಕೆಡಸಬೇಕೇನು?"

"ಹ್ವಾದ ವರ್ಷ ಕೇರಿ ಸೋನಾಬಾಯಿ ಮಗ ಆ ತಗ್ಗಿನ್ಯಾಗೇ ಕೊಚ್ಚಿ ಹ್ವಾದ. ಕೆಲಸ ಮುಗಿಸಿ ಮನಿಗೆ ಬರಾಕತ್ತಿದ್ದ."

"ನೀರು ಇಳಿಯೂತನಕ ನಿಂದರಬೇಕಿತ್ತು ಅಂವ. ನಾವೆಲ್ಲಾ ನಿಂದ್ರೂದಿಲ್ಲೇನು?"

ಕಾಶೀಬಾಯಿ ಸೊಪ್ಪಿನ ಬುಟ್ಟಿ ಹಿಡಿದು ಒಳಗೆ ಬಂದಳು. "ಅಪರೂಪಕ್ಕ ಕೂಡೀರಿ. ಪೂಲಿನ ಸಲುವಾಗಿ ಜಗಳಾ ಮಾಡಬ್ಯಾಡ್ರೆಪಾ," ಎಂದಳು.

"ನೋಡೂಣಣ್ಣಾ," ಎಂದ ಚಂದ್ರಶೇಖರ. ಒಪ್ಪಿದಂತೆಯೂ ಅಲ್ಲ, ಒಲ್ಲೆನೆಂದಂತೆಯೂ ಅಲ್ಲ.

ಯಾವುದು ಸರಿ ಎಂಬುದರಲ್ಲಿ ಅವನಿಗೆ ಸಂದೇಹವಿರಲಿಲ್ಲ. ಆದರೆ ಅಪ್ಪ ತೀರಿಕೊಂಡ ಮೇಲೆ ತನ್ನನ್ನು ಓದಿಸಿದವನು ಇದೇ ಅಣ್ಣ. ಬರೆಯಲು ಕುಳಿತಾಗಲೆಲ್ಲ ಅವನ ಮುಖ ಕಣ್ಣೆದುರು ಬರುತ್ತಿತ್ತು. ಸಮೀಕ್ಷೆ ಇನ್ನೂ ಮುಗಿದಿಲ್ಲ ಎಂದು ಮೇಲಿನವರಿಗೆ ಹೇಳುತ್ತ ಬೇಸಿಗೆ ಕಳೆದ. ನೋಡುನೋಡುತ್ತಿದ್ದಂತೆ ಮಳೆಗಾಲ ಬಂತು.

ಶ್ರಾವಣದಲ್ಲಿ ಕಾಶೀಬಾಯಿಗೆ ಜ್ವರ ಬಂದು, ಅದು ಎದೆಗೆ ಇಳಿಯಿತು. ಒಂದು ಮುಂಜಾನೆ ಅವಳು ಕಣ್ಣು ಮುಚ್ಚಿದಳು. ಊರ ಹೊಲದಲ್ಲಿ, ಗಂಡನ ಮಗ್ಗುಲಲ್ಲೇ ಅವಳ ಮಣ್ಣಾಗಬೇಕಿತ್ತು. ಚಂದ್ರಶೇಖರನೂ ಅವನ ಹೆಂಡತಿ ಮಂಜರಿಯೂ ಆಂಬುಲೆನ್ಸ್‌ನಲ್ಲಿ ಅವಳನ್ನು ಕರೆತಂದರು. ಹೊಳೆಯ ಹತ್ತಿರ ಬಂದಾಗ ಚಾಲಕ ಗಾಡಿ ನಿಲ್ಲಿಸಿದ. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು. ತಗ್ಗು ಕಾಣಿಸುತ್ತಿರಲಿಲ್ಲ, ಆ ದಂಡೆಯಿಂದ ಈ ದಂಡೆಯವರೆಗೂ ರಾಡಿ ನೀರು.

ಆಚೆ ಅಗಸೆಯ ಬಳಿ ಬಸಯ್ಯ, ಊರ ಹಿರಿಯರು, ಶವ ಹೊರಲು ಅಲಂಕರಿಸಿಟ್ಟ ವಿಮಾನ. ಮೋರೆ ಕಾಣುವಷ್ಟು ಹತ್ತಿರ, ಆದರೂ ಮಾತಾಡಲು ಫೋನೇ ಬೇಕಾಯಿತು.

"ನೀರು ಇಳಿಯೂತನಕ ತಡಿ," ಎಂದ ಬಸಯ್ಯ.

ಮಧ್ಯಾಹ್ನ ಕಳೆಯಿತು. ಜಿನುಗು ಮಳೆ ನಿಲ್ಲಲಿಲ್ಲ, ನೀರೂ ಇಳಿಯಲಿಲ್ಲ. ಮಂಜರಿ ಸೆರಗಿನಿಂದ ಅತ್ತೆಯ ಮುಖದ ಮೇಲಿನ ನೊಣ ಓಡಿಸುತ್ತ, "ಅತ್ತಿಯವ್ರನ್ನ ಹಿಂಗ ಎಷ್ಟೊತ್ತು ಇಡೂದ್ರಿ?" ಎಂದಳು.

ಆಗ ಮೇಲಿನ ದಂಡೆಯ ಕಡೆಯಿಂದ ಕೇರಿಯ ಧರೆಪ್ಪ ಬಂದ. ಹೊಳೆಯಲ್ಲಿ ಮೀನು ಹಿಡಿಯುವ ತೆಪ್ಪದ ಮೇಲೆ ಅವನು ದಾಟಿ ಬಂದಿದ್ದ. ಮೈಯೆಲ್ಲ ತೊಯ್ದಿತ್ತು. ದೂರದಲ್ಲೇ ನಿಂತು, "ಸಾಹೇಬ್ರ, ಮ್ಯಾಲಿನ ಮಡುವಿನ್ಯಾಗ ಸೆಳವು ಕಮ್ಮಿ ಐತ್ರಿ. ಎರಡ ತೆಪ್ಪಾ ಕೂಡಿಸಿ, ಹಗ್ಗಾ ಕಟ್ಟಿ ಅವ್ವಾರನ್ನ ದಾಟಸ್ತೀವಿ. ದೊಡ್ಡವ್ರು ಒಪ್ಪಿದ್ರ," ಎಂದ.

ಚಂದ್ರಶೇಖರ ಅಣ್ಣನಿಗೆ ಫೋನ್ ಮಾಡಿದ.

"ಕೇರ್ಯಾಗಿಂದ ಅವ್ವನ್ನ ಹ್ಯಾಂಗ ತರೂದೋ?"

"ಹೊತ್ತು ಮುಳಗಾಕ ಬಂತಣ್ಣಾ."

ಬಸಯ್ಯನ ಪಕ್ಕದಲ್ಲಿದ್ದ ಊರ ಹಿರಿಯ ಸಾತಲಿಂಗಪ್ಪ, "ನಾಳಿತನಕ ತಡದ್ರ ಏನಾಗತೈತ್ರಿ?" ಎಂದದ್ದು ಚಂದ್ರಶೇಖರನಿಗೂ ಕೇಳಿಸಿತು.

"ಅಕಿ ನಿಮ್ಮವ್ವ ಅಲ್ರಿ," ಎಂದ ಬಸಯ್ಯ. ವಿಮಾನ ಎತ್ತಿಸಿಕೊಂಡು ಕೇರಿಯ ಕಡೆ ನಡೆದ. ಕೆಲವರು ಹಿಂದೆ ಬಂದರು. ಸಾತಲಿಂಗಪ್ಪ ಬರಲಿಲ್ಲ.

ಧರೆಪ್ಪ ಮತ್ತು ಅವನ ಅಳಿಯ ಸೋಮೇಶ ಎದೆಮಟ್ಟದ ನೀರಿನಲ್ಲಿ ತೆಪ್ಪ ಹಿಡಿದು, ನೆಲ ಸಿಗದಲ್ಲಿ ಈಜುತ್ತ, ಕಾಶೀಬಾಯಿಯನ್ನು ದಾಟಿಸಿದರು. ಚಂದ್ರಶೇಖರ ತಾಯಿಯ ಭುಜ ಬಿಡದೆ ಹಿಡಿದುಕೊಂಡಿದ್ದ. ದಂಡೆಯ ಕೆಸರಿನಲ್ಲಿ ಬಸಯ್ಯ ಎರಡೂ ಕೈ ಚಾಚಿ ನಿಂತಿದ್ದ.

ಹುಟ್ಟಿದಂದಿನಿಂದ ಆ ಊರಿನಲ್ಲೇ ಇದ್ದರೂ ಬಸಯ್ಯ ಆ ಓಣಿಯಲ್ಲಿ ಕಾಲಿಟ್ಟದ್ದು ಅಂದೇ. ವಿಮಾನಕ್ಕೆ ಹೆಗಲು ಕೊಟ್ಟು ನಡೆದಾಗ, ಹೆಂಗಸರು ಬಾಗಿಲಲ್ಲಿ ಸೆರಗು ಹೊದ್ದು ನಿಂತಿದ್ದರು. ಸೋನಾಬಾಯಿ ಮಾತ್ರ ಅವನನ್ನು ಕಂಡೊಡನೆ, ಹಳೆಯ ರೂಢಿಯಂತೆ, ಒಳಗೆ ಸರಿದು ಬಾಗಿಲು ಮುಂದೆ ಮಾಡಿಕೊಂಡಳು. ಏರಿನಲ್ಲಿ ಕಾಲು ಜಾರಿ ವಿಮಾನ ವಾಲಿತು. ಧರೆಪ್ಪನ ಕೈ ತಾನಾಗಿ ಮುಂದೆ ಬಂದು, ಮುಟ್ಟುವ ಮೊದಲೇ ಹಿಂದೆ ಹೋಯಿತು. ಅದನ್ನು ಬಸಯ್ಯ ನೋಡಿದ. ಇಷ್ಟು ಹೊತ್ತು ಅವ್ವನನ್ನು ನೀರಿನಲ್ಲಿ ಹಿಡಿದು ತಂದ ಕೈಗಳವು. ಕರೆಯಬೇಕೆನಿಸಿತು, ಆದರೆ ಕರೆಯಲಿಲ್ಲ.

ಹೊಲದಲ್ಲಿ ಮಣ್ಣು ಮುಗಿಯುವವರೆಗೂ ಕೇರಿಯವರು ಬದುವಿನಾಚೆ ಮಳೆಯಲ್ಲಿ ನಿಂತಿದ್ದರು. ಯಾರೂ ಅವರನ್ನು ಹತ್ತಿರ ಕರೆಯಲಿಲ್ಲ. ಮುಗಿದ ಮೇಲೆ ಸುಮ್ಮನೆ ಹೊರಟುಹೋದರು.

ಮರುತಿಂಗಳು ಗ್ರಾಮಸಭೆ ಕೂಡಿತು. ಮುಂದಿನ ಸಾಲಿನ ಕುರ್ಚಿಗಳಲ್ಲಿ ಊರ ಪ್ರಮುಖರು, ಬಾಗಿಲ ಬಳಿ ನಿಂತ ಕೇರಿಯವರು. ಚಂದ್ರಶೇಖರ ಎರಡೂ ಸೇತುವೆಗಳ ನಕ್ಷೆ ತೋರಿಸಿ ವಿವರಿಸಿದ. ಕೊನೆಗೆ, "ಮುಳಗದ್ದು ಇದೊಂದೇ. ನನ್ನ ಶಿಫಾರಸು ಇದಕ್ಕೇ," ಎಂದು ಎತ್ತರದ ಸೇತುವೆಯ ಮೇಲೆ ಕೈಯಿಟ್ಟ. ಅಣ್ಣನ ಕಡೆ ನೋಡುವ ಧೈರ್ಯವಾಗಲಿಲ್ಲ.

"ಊರ ಮರ್ಯಾದಿ ಅನ್ನೂದು ಒಂದು ಐತ್ರಿ," ಎಂದ ಸಾತಲಿಂಗಪ್ಪ. "ಬಸಯ್ಯನವ್ರ, ನೀವರೆ ಹೇಳ್ರಿ."

ಬಸಯ್ಯ ಎದ್ದ. ಈ ಒಂದು ತಿಂಗಳಲ್ಲಿ ಅವನ ಬೆನ್ನು ಬಾಗಿತ್ತು.

"ಎತ್ತರದ್ದೇ ಆಗಲಿ. ಕೇರಿ ಮುಂದೇ ಆಗಲಿ."

"ನಿಮ್ಮ ಮನ್ಯಾಗ ಸಾವಾಗೈತಿ. ಅದಕ್ಕ ಮನಸು ಮೆತ್ತಗಾಗೈತಿ ನಿಮ್ದು."

"ಹೌದ್ರಿ," ಎಂದ ಬಸಯ್ಯ. "ಸೋನಾಬಾಯಿ ಮನ್ಯಾಗೂ ಸಾವಾಗಿತ್ತು. ಆವಾಗ ಆಗಬೇಕಿತ್ತು."

ಸಾತಲಿಂಗಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಗೆ ನಡೆದ. ಅವನ ಹಿಂದೆ ಇನ್ನೊಬ್ಬರು, ಮತ್ತೊಬ್ಬರು ಎದ್ದರು. ಮುಂದಿನ ಸಾಲು ಬರಿದಾಯಿತು. ತನ್ನನ್ನು ಮಾತಾಡಿಸುವವರು ಇನ್ನು ಊರಲ್ಲಿ ಎಷ್ಟು ಜನ ಉಳಿಯುತ್ತಾರೋ ಎಂಬುದು ಬಸಯ್ಯನಿಗೆ ತಿಳಿಯದ್ದಲ್ಲ.

ಅವನು ಬಾಗಿಲ ಕಡೆ ತಿರುಗಿದ. "ಬರ್ರಿ, ಕುಂಡರ್ರಿ."

ಯಾರೂ ಕದಲಲಿಲ್ಲ. ಬಸಯ್ಯ ಒಂದು ಕುರ್ಚಿಯನ್ನು ಎತ್ತಿಕೊಂಡು ಹೋಗಿ ಸೋನಾಬಾಯಿಯ ಮುಂದೆ ಇಟ್ಟ. ಅವಳು ಕುರ್ಚಿಯನ್ನು ನೋಡಿದಳು, ಅವನನ್ನು ನೋಡಿದಳು. ಅದರ ಬೆನ್ನು ಹಿಡಿದು ನಿಂತೇ ಇದ್ದಳು. ಬಸಯ್ಯ ಮತ್ತೆ ಒತ್ತಾಯಿಸಲಿಲ್ಲ. ತನ್ನ ಜಾಗಕ್ಕೂ ಹೋಗಲಿಲ್ಲ. ಸಭೆ ಮುಗಿಯುವವರೆಗೆ ಅವಳ ಪಕ್ಕದಲ್ಲೇ ನಿಂತ.