ರಾಬಿಯಾಳ ಬಿಸಿಲು

ಹೆಣ ಒಯ್ಯುವ ಜನಾಜಾದ ಮಂಚದ ಒಂದು ಕಾಲನ್ನು ಯುನೂಸ್ ಹೊರಕ್ಕೆ ಎಳೆಯುತ್ತಿದ್ದ, ಇನ್ನೊಂದು ಕಾಲನ್ನು ಅವನ ಮಾಮಾ ಮಕ್ಬೂಲ್ ಒಳಕ್ಕೆ. ಖಾಲಿ ಮಂಚ ಹೊಸ್ತಿಲ ಮೇಲೆ ಕಿರುಗುಟ್ಟಿತು.

"ಮಗ್ರಿಬ್ ಆಗೂತನಕ ಎತ್ತಗೊಡಂಗಿಲ್ಲ. ಹೊತ್ತು ಮುಳುಗಲಿ," ಎಂದ ಯುನೂಸ್.

"ಹುಚ್ಚ ಹಿಡದದೇನ್ ನಿನಗ? ಮಯ್ಯತ್ ಮನ್ಯಾಗ ಇಟಗೊಂಡು ಕೂಡಬಾರದು. ಮಧ್ಯಾನದ ಜುಹರ್ ಆದಮ್ಯಾಲ ನಮಾಜ್ ಅಂತ ಮಸೀದ್ಯಾಗ ಹೇಳಿ ಬಂದೀನಿ. ಮಂದಿ ನಿಂತಾರ."

"ಮಂದಿ! ಇಪ್ಪತ್ತಾರು ವರ್ಷ ಎಲ್ಲಿತ್ತು ಮಾಮಾ ಈ ಮಂದಿ? ನನ್ನ ತಂಗಿಗಿ ಜಿನ್ ಹಿಡದದ ಅಂತ ಊರೆಲ್ಲಾ ಸಾರಿತ್ತು. ಹೊರಗ ಬೆಂಕಿ ಸುರಿಯಾಕತ್ತದ. ಇಂಥಾ ಬಿಸಲಾಗ ಅಕೀನ ಒಯ್ಯಂಗಿಲ್ಲ ಅಂದ್ರ ಒಯ್ಯಂಗಿಲ್ಲ!"

ಅಂಗಳದಲ್ಲಿದ್ದ ಗಂಡಸರು ನೆಲ ನೋಡಿದರು.

ರಾಬಿಯಾಳಿಗೆ ಬಿಸಿಲು ಆಗಿಬರುತ್ತಿರಲಿಲ್ಲ. ಕೂಸಿದ್ದಾಗಲೇ ಅಂಗಳದಲ್ಲಿ ಗಳಿಗೆ ಹೊತ್ತು ಆಡಿದರೆ ಮುಖವೆಲ್ಲ ಬೊಬ್ಬೆ ಏಳುತ್ತಿತ್ತು. ಹೈದರಾಬಾದಿನ ಡಾಕ್ಟರು ಬಿಡಿಸಿ ಹೇಳಿದ್ದರು: ಬಿಸಿಲು ಎಲ್ಲರ ಚರ್ಮದೊಳಗಿನ ಡಿಎನ್‌ಎ ಎಳೆಗಳನ್ನೂ ಹರಿಯುತ್ತದೆ, ಎಲ್ಲರ ಮೈಯೂ ಅವನ್ನು ಮತ್ತೆ ಹೊಲಿದುಕೊಳ್ಳುತ್ತದೆ, ಈ ಹುಡುಗಿಯ ಮೈಯಲ್ಲಿ ಹೊಲಿಯುವ ಆ ಕಿಣ್ವವೇ ಇಲ್ಲ. ಅಂದಿನಿಂದ ಒಳಕೋಣೆಯ ಕಿಟಕಿಗೆ ಕರಿ ಅರಿವೆ ಬಿತ್ತು. ಅಲ್ಲೇ ಓದಿದಳು, ಅಲ್ಲೇ ಮಷಿನ್ ತುಳಿದಳು. ಓಣಿಯ ಅರ್ಧ ಹೆಂಗಸರು ತೊಟ್ಟದ್ದು ಅವಳು ಹೊಲಿದದ್ದೇ. ಆದರೂ ಮುಖದ ಮೇಲಿನ ಗಂಟುಗಳು ಬಿಡಲಿಲ್ಲ, ಕೊಯ್ದಷ್ಟೂ ಬಂದವು. ಇಂದು ನಸುಕಿನಲ್ಲಿ ಕ್ಯಾನ್ಸರ್ ಅವಳನ್ನು ಮುಗಿಸಿತು.

*

ಎರಡು ವರ್ಷದ ಹಿಂದೆ ಯುನೂಸ್ ಹುಮನಾಬಾದಿನ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕಿದ್ದ. ಪ್ರಯೋಗಾಲಯಗಳಿಗೆ ಕಿಣ್ವ ಕಳಿಸುವ ಕಾರ್ಖಾನೆ. ಮನುಷ್ಯರ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ, ಅದು ಮಾಡಿಕೊಟ್ಟ ಕಿಣ್ವವನ್ನು ಸೋಸಿ, ಕಿರುಬೆರಳಿನಷ್ಟು ಕೊಳವೆಗೆ ತುಂಬುತ್ತಿದ್ದರು. ಚೀಟಿ ಅಂಟಿಸಿ ಐಸ್ ಪೆಟ್ಟಿಗೆಯಲ್ಲಿಡುವುದು ಯುನೂಸನ ಕೆಲಸ. ಒಂದು ದಿನ ಮೇಲ್ವಿಚಾರಕ ಗುರುಶಾಂತ ಹೊಸ ಕೊಳವೆಯೊಂದನ್ನು ಎತ್ತಿ ಹಿಡಿದು, "ಇದು ಮನುಷ್ಯಾರ ಡಿಎನ್‌ಎ ಹರದ್ರ ರಿಪೇರಿ ಮಾಡೂದು ನೋಡಪಾ," ಎಂದ. ಯುನೂಸ್ ಚೀಟಿ ಅಂಟಿಸುವುದನ್ನು ಬಿಟ್ಟು ಹತ್ತಿರ ಬಂದ.

"ಸರ್, ಒಂದ ಕೊಡ್ರಿ. ನನ್ನ ತಂಗಿಗಿ ಬೇಕಾಗ್ಯದ."

"ಏ, ಇದು ದವಾ ಅಲ್ಲೋ. ಕೊಳವ್ಯಾಗ ಕೆಲಸ ಮಾಡ್ತದ. ಮೈಗಿ ಹಚ್ಚಿದ್ರ ಚರ್ಮದ ಒಳಗ ಹೋಗೂದೇ ಇಲ್ಲ."

ಗುರುಶಾಂತ ಹೇಳಿದ್ದು ಸುಳ್ಳಲ್ಲ. ಆದರೆ ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಆ ಸಂಜೆ ಒಂದು ಕೊಳವೆ ಯುನೂಸನ ಊಟದ ಡಬ್ಬಿಯಲ್ಲಿ ಐಸ್ ತುಂಡುಗಳ ನಡುವೆ ಕೂತು ಬಸವಕಲ್ಯಾಣದ ಬಸ್ಸು ಹತ್ತಿತು.

ರಾಬಿಯಾ ಚೀಟಿಯ ಇಂಗ್ಲಿಷನ್ನು ಅಕ್ಷರ ಕೂಡಿಸಿ ಓದಿದಳು. ಮನುಷ್ಯರ ಕಿಣ್ವ. ಸಂಶೋಧನೆಗೆ ಮಾತ್ರ. ಮನುಷ್ಯರಿಗೆ ಬಳಸಬಾರದು.

"ಮನುಷ್ಯಾರದು ಅಂತಾನೂ ಬರದಾರ, ಮನುಷ್ಯಾರಿಗಲ್ಲ ಅಂತಾನೂ ಬರದಾರ! ಹಂಗಾರ ಇದು ಯಾರಿಗಿ ಭಾಯಿ? ನಾ ಖರೇನ ಜಿನ್ ಅಂತ ತಿಳದೇನು?" ಅವಳು ಕೊಳವೆಯನ್ನು ಮತ್ತೆ ಡಬ್ಬಿಗೆ ಹಾಕಿದಳು. "ನನಗ ಕೇಳಲಾರದ ಯಾಕ ಕದ್ದು ತಂದಿ? ಕಿಟಕಿಗಿ ಅರಿವಿ ಕಟ್ಟುವಾಗ ಕೇಳಿಲ್ಲ, ಸಾಲಿ ಬಿಡಿಸುವಾಗ ಕೇಳಿಲ್ಲ. ಎಲ್ಲಾ ನೀವ ಮಾಡ್ತೀರಿ, ನನ್ನ ಸಲುವಾಗಿ! ಹೋಗು, ಕೊಟ್ಟು ಬಾ."

ಕೊಟ್ಟು ಬಂದ. ಕೆಲಸ ಹೋಯಿತು. ಮೂರು ತಿಂಗಳು ಅಣ್ಣ ತಂಗಿ ಮಾತು ಬಿಟ್ಟರು.

*

ಮಯ್ಯತ್ತಿಗೆ ನೀರು ಹಾಕಿ ಕಫನ್ನಿನ ಬಿಳಿ ಬಟ್ಟೆ ಸುತ್ತಿದ ಹೆಂಗಸರ ನಡುವಿನಿಂದ ಕಿರಿಯ ತಂಗಿ ಮಿಸ್ಬಾ ಒದ್ದೆ ತೋಳಿನಲ್ಲೇ ಹೊರಬಂದಳು.

"ಭಾಯಿ, ಮಂಚ ಬಿಡು."

"ನೀ ಒಳಗ ನಡಿ."

"ನಡಿಯಂಗಿಲ್ಲ. ರಾಬಿಯಾ ಆಪಾ ನನಗ ಹೇಳ್ಯಾಳ. ನಾ ಸತ್ತರ ಖಡಕ್ ಬಿಸಲಾಗ ಒಯ್ಯಾಕ ಹೇಳು, ಇನ್ನ ಸುಡಾಕ ಏನ್ ಉಳದಿರ್ತದ ಅಂದಳು. ಬದುಕಿದಷ್ಟು ದಿನ ಕಳ್ಳರಂಗ ಕತ್ತಲಾಗ ಓಡ್ಯಾಡೀನಿ, ಹೋಗೂವಾಗರ ನಡುದಾರ್ಯಾಗ ಹೋಗ್ತೀನಿ ಅಂದಳು."

"ನನಗ ಯಾಕ ಹೇಳಿಲ್ಲ?"

"ನೀ ಯಾವಾಗ ಕೇಳಿದ್ದಿ?"

ಯುನೂಸ್ ಬೈಯಲೆಂದು ಬಾಯಿ ತೆರೆದ. ಮಿಸ್ಬಾ ಕದಲಲಿಲ್ಲ. ತಾಯಿ ಫರ್ಹೀನ್ ಒಳಗೆ ಗೋಡೆಗೊರಗಿ ಅಳುತ್ತಿದ್ದವಳು, "ಅಕಿ ಮಾತು ಒಂದರ ನಡಸೋ," ಎಂದಳು. ಅವನು ಕೈಬಿಟ್ಟ. ಬಿಟ್ಟ ಕೈಯಲ್ಲೇ ಮುಖ ಮುಚ್ಚಿಕೊಂಡು ಹೋ ಎಂದು ಅತ್ತ.

ರಾಬಿಯಾಳನ್ನು ಮಲಗಿಸಿ ಮಂಚ ಎತ್ತಿದಾಗ ಒಂದು ಗಂಟೆ. ಮೇ ತಿಂಗಳು. ಓಣಿಗಿಳಿದ ಗಂಡಸರು ರೂಢಿಯಂತೆ ಅಂಗಡಿಗಳ ತಗಡಿನ ನೆರಳಿಗೆ ಸರಿಯತೊಡಗಿದರು.

"ಅತ್ತ ಬ್ಯಾಡ್ರಿ!" ಮುಂದೆ ಹೆಗಲು ಕೊಟ್ಟಿದ್ದ ಯುನೂಸ್ ಚೀರಿದ. "ನಡುದಾರಿಗಿ ಬರ್ರಿ. ನೆರಳು ಬೇಕಾದವರು ಮನಿಗಿ ಹೋಗ್ರಿ!"

ಮಂಚ ನಡುದಾರಿಗೆ ಬಂತು. ಮಾಳಿಗೆಗಳ ಮೇಲೆ, ಬಾಗಿಲುಗಳಲ್ಲಿ ಓಣಿಯವರು ರಾಬಿಯಾಳನ್ನು ನೋಡಲು ಕತ್ತು ಚಾಚಿದರು. ಬಿಳಿ ಹೊದಿಕೆಯ ಮೇಲೆ ಬಿದ್ದ ಬಿಸಿಲು ಕಣ್ಣು ಕುಕ್ಕಿತು. ಒಬ್ಬೊಬ್ಬರಾಗಿ ಎಲ್ಲರೂ ಮುಖಕ್ಕೆ ಕೈ ಅಡ್ಡ ಹಿಡಿದುಕೊಂಡರು.