ಎರಡು ಚಪ್ಪಾಳೆ

ಆ ಬೂಟು ಹೊಸದು, ಹಾಲಿನ ಹಾಗೆ ಬೆಳ್ಳಗೆ, ಆದರೆ ಒಳಗಿನ ಕಾಲು ಹಳೆಯದು, ನನಗೆ ಗೊತ್ತಿರುವ ಕಾಲು, ಎಡಗಾಲನ್ನು ಒಂದಿಷ್ಟು ಎಳೆದು ಎಳೆದು ಇಡುವ ನಡಿಗೆ — ಕ್ರೋಟನ್ ಬೇಲಿಯ ಕೆಳಗೆ ಬೂಟಷ್ಟೇ ಕಾಣುತ್ತಿದೆ, ಮೇಲೆಲ್ಲ ಎಲೆ, ಮೇಲಿನದು ಕಾಣುವುದೇ ಬೇಡ, ಪೈಪಿನ ನೀರು ಎಲೆಗೆ ಬಡಿದು ಪಟಪಟ ಅನ್ನುತ್ತಿದೆ, ಬಡಿಯಲಿ, ಈ ಸದ್ದಿನಲ್ಲಿ ಹಿಂದೆ ಸರಿಯಬಹುದು, ಬಾಗಬಹುದು, ಬಾಗಿದರೆ ಅಂಜಿದ ಹಾಗೆ, ಯಾಕೆ ಅಂಜಬೇಕು, ಇದು ಅವರ ಸೀರೆ ಅಂಗಡಿಯಲ್ಲ, ಊರಿನ ಗಾರ್ಡನ್, ಗಜೇಂದ್ರಗಡದ ಎಲ್ಲರದು, ನಾಯಿ ಬರುತ್ತದೆ, ಆಡು ಬರುತ್ತದೆ, ಕಳಕಪ್ಪ ಸಾವುಕಾರರೂ ಬರಲಿ — ಬರಲಿ ಅನ್ನುವುದು ಸುಲಭ, ಅವರನ್ನು ಅವನು ಎಂದು ಅನ್ನಬೇಕು, ಬಾಯಲ್ಲಿ ಅಲ್ಲದಿದ್ದರೂ ಮನಸ್ಸಿನಲ್ಲಾದರೂ ಅವನು ಅನ್ನಬೇಕು, ಆಗುತ್ತಿಲ್ಲ, ಅವರು ಎಂದೇ ಬರುತ್ತದೆ, ನಾಲಗೆಯನ್ನೂ ಅವರೇ ಮಡಚಿ ಇಟ್ಟಿದ್ದಾರೆ, ಮಾರಾಟವಾಗದ ಸೀರೆಯ ಹಾಗೆ. ಸಕ್ಕರೆ ಬೇನೆಯಂತೆ, ದವಾಖಾನೆಯಲ್ಲಿ ದಿನಾ ನಡೆಯಿರಿ ಅಂದರಂತೆ, ನಾನಿನ್ನೂ ಅಲ್ಲಿದ್ದಾಗಲೇ, ಅಮಾವಾಸ್ಯೆಗೆ ಮೊದಲೇ, ಅಂಗಡಿಯಲ್ಲಿ ಆ ಮಾತು ಬಂದಿತ್ತು, ನಡ್ಯಾಕ ನನಗೇನ ಹುಚ್ಚ ಹಿಡದೈತೇನ ಅಂತ ಗಾದಿಯ ಮೇಲೆ ಕೂತು ನಕ್ಕಿದ್ದರು, ಈಗ ನೋಡು, ನಾನು ಅಂಗಡಿಗೆ ಹೋಗುವುದನ್ನು ಬಿಟ್ಟು ಇಲ್ಲಿ ಗಿಡಗಳಿಗೆ ನೀರು ಹಿಡಿದ ಮೇಲೆ ಆ ಹುಚ್ಚು ಹಿಡಿದಿದೆ. ಊರಿಗೆ ಇದೊಂದೇ ಹಾದಿಯೇ, ಗುಡ್ಡದ ಕಡೆ ಹೋಗಬಹುದಿತ್ತು, ಕರೆಂಟಿನ ಗಾಳಿ ಪಂಖಗಳ ಕೆಳಗೆ ಎಷ್ಟು ಬೇಕಾದರೂ ನಡೆಯಬಹುದಿತ್ತು, ರಾಜೂರಿನ ರಸ್ತೆ ಹಿಡಿದಿದ್ದರೆ ನಾನೇನು ಬೇಡ ಅನ್ನುತ್ತಿದ್ದೆನೇ. ಇಲ್ಲ, ಇಲ್ಲಿಗೇ ಬರಬೇಕು. ಪೈಪು ಮೇಲೆತ್ತಿ ಮುಖಕ್ಕೇ ಹಿಡಿಯಬೇಕು, ಬಿಳಿ ಬೂಟು, ಬಿಳಿ ಧೋತರ, ಹೆಗಲ ಮೇಲಿನ ಟವೆಲ್ಲು ಎಲ್ಲ ತೊಯ್ದು ತೊಪ್ಪೆಯಾಗಬೇಕು, ಆಗ — ಬೂಟು ದಾಟಿತು. ನಿಲ್ಲಲಿಲ್ಲ. ನೋಡಲಿಲ್ಲವೋ, ನೋಡಿಯೂ ನೋಡಲಿಲ್ಲವೋ. ಹಾದಿ ಗುಂಡಗಿದೆ, ಒಂದು ಸುತ್ತು ಹಾಕಿ ಮತ್ತೆ ಇಲ್ಲಿಗೇ ಬರುತ್ತದೆ. ಪೈಪಿನ ನೀರು ಹಾವಿನ ಹಾಗೆ ಅಲ್ಲಾಡುತ್ತಿದೆ, ಥೂ.

ಬಾಷಾಸಾಬ ಅತ್ತಲಿಂದ ಕೂಗುತ್ತಾನೆ, ಏ ಸೀರಿ ಅಂಗಡಿ ಸಾಹೇಬ್ರ, ಒಂದ ಗಿಡಕ್ಕ ಎಷ್ಟೊತ್ತ ಹಿಡೀತೀರಿ, ಬೇರ ಕೊಳ್ತು ಹೋಗ್ತಾವು, ಸೀರಿ ಹಾಸಿದಂಗ ಹಾಸ್ಕೊಂತ ಹೋಗ್ರಿ — ಈ ಗಾರ್ಡನ್ನಿನ ಹಳೇ ಮಾಲಿ ಅವನು, ಕೆಲಸ ಕೊಡಿಸಿದವನೂ ಅವನೇ, ಅವನ ಚೇಷ್ಟೆ ನನಗೆ ಸೇರುತ್ತದೆ, ಆದರೆ ಹಾಸುವುದು ಅನ್ನಬಾರದು. ಆರನೇ ಇಯತ್ತೆ ಅರ್ಧಕ್ಕೆ ಬಿಟ್ಟ ದಿನದಿಂದ ಹಾಸಿದ್ದೇನೆ, ಹಾಸುವುದು, ಸೆರಗು ತೋರಿಸುವುದು, ಬ್ಯಾಡ ತಮ್ಮಾ ಅಂದ ಕೂಡಲೇ ಮಡಚುವುದು, ಮೀಸೆ ಬಂದದ್ದು ಆ ಗಾದಿಯ ಮೇಲೆ, ದನಿ ಒಡೆದದ್ದು ಆ ಗಾದಿಯ ಮೇಲೆ, ಈಗಲೂ ಕೈಗೆ ದೊಡ್ಡ ಎಲೆ ಸಿಕ್ಕರೆ ನಡುವೆ ಮಡಚುತ್ತದೆ, ನಾನು ಮಡಚುವುದಿಲ್ಲ, ಕೈ ಮಡಚುತ್ತದೆ. ಇಷ್ಟು ವರ್ಷಗಳಲ್ಲಿ ಕೊಟ್ರೇಶ ಅಂತ ಒಂದು ಸಲವೂ ಕರೆಯಲಿಲ್ಲ ಅವರು. ಚಪ್ಪಾಳೆ. ಒಂದು ಚಪ್ಪಾಳೆ ಅಂದರೆ ಚಹಾ, ಎರಡು ಅಂದರೆ ಬಾ, ಎಲ್ಲಿದ್ದರೂ ಬಾ, ಉಣ್ಣುತ್ತಿದ್ದರೆ ತುತ್ತು ಬಿಟ್ಟು ಬಾ, ಗಿರಾಕಿ ಹೆಂಗಸರು ನಗುತ್ತಿದ್ದರು, ಭಾಳ ಚಲೋ ಕಲಿಸೀರಿ ಬಿಡ್ರಿ ಸಾವಕಾರ್ರ ಅನ್ನುತ್ತಿದ್ದರು, ನಮ್ಮ ಮನಿ ಹುಡುಗ್ರಿ ಅಂವ, ಸಾವುಕಾರರ ಉತ್ತರ. ಮನೆಯ ಹುಡುಗ. ಮನೆಯ ಹುಡುಗನನ್ನು ಅಟ್ಟದ ಮೇಲೆ ಬಿಟ್ಟು ನಿಚ್ಚಣಿಕೆ ತೆಗೆಯುತ್ತಾರೆಯೇ — ಅದು ಬೇಡ, ಈಗ ಅದು ಬೇಡ, ಬೂಟು ಅತ್ತ ಕಾರಂಜಿಯ ಹತ್ತಿರ ಇದೆ, ಇನ್ನೂ ಹೊತ್ತಿದೆ — ಅಟ್ಟ ಬಂದೇ ಬರುತ್ತದೆ, ಸೀರೆ ಗಂಟಿನೊಳಗಿನ ಡಾಂಬರು ಗುಳಿಗೆಯ ವಾಸನೆ ಮೊದಲು ಬರುತ್ತದೆ, ಇಲ್ಲಿ, ಹಸಿ ಹುಲ್ಲಿನ ನಡುವೆ. ಒಂದು ಮಧ್ಯಾಹ್ನ ಉಂಡು ಗಂಟು ತರಲು ಹತ್ತಿದವನು ಗಂಟುಗಳ ನಡುವೆಯೇ ನಿದ್ದೆ ಹೋದೆ, ಚಿಕ್ಕವನಿದ್ದೆ, ಎದ್ದಾಗ ಕತ್ತಲೆ, ನಿಚ್ಚಣಿಕೆ ಇಲ್ಲ, ಅಟ್ಟದ ಬಾಯಿಯಿಂದ ಕಾಲು ಇಳಿಬಿಟ್ಟು ಕೂತೆ, ಕೆಳಗೆ ಗಿರಾಕಿಗಳ ಮಾತು, ಗಿರಾಕಿ ಇದ್ದಾಗ ಕೂಗಬಾರದು, ಕೂಗಲಿಲ್ಲ, ಉಚ್ಚೆ ಒತ್ತಿ ಬಂತು, ಕೆಳಗೆ ರೇಷ್ಮೆ, ಹಲ್ಲು ಕಚ್ಚಿ ಹಿಡಿದೆ, ಮಾತು ನಿಂತಿತು, ಬಾಗಿಲು ಎಳೆಯುವ ಸದ್ದು, ಸಾವುಕಾರರು ಹೊರಟೇಬಿಟ್ಟರು, ನನ್ನನ್ನು ಮರೆತರು ಅಂದುಕೊಂಡೆ, ಆಗ ಕೆಳಗೆ ಬಲ್ಬಿನ ಬೆಳಕಿನಲ್ಲಿ ಎರಡು ಅಂಗೈ ಕಂಡವು, ಮುಖ ಇಲ್ಲ, ಮೈ ಇಲ್ಲ, ಆ ಕಿಂಡಿಯೊಳಗೆ ಎರಡು ಅಂಗೈ ಅಷ್ಟೇ, ಒಂದರ ಎದುರು ಒಂದು, ತೆರೆದು ನಿಂತಿದ್ದವು, ಎಷ್ಟೋ ಹೊತ್ತು ಹಾಗೇ ನಿಂತಿದ್ದವು, ಆಮೇಲೆ ಬಡಿದವು. ಎರಡು ಸಲ. ನಿಚ್ಚಣಿಕೆ ಗೋಡೆಗೆ ಬಂದು ತಾಗಿತು. ಇನ್ನ ಮಕ್ಕೊಂತೀಯೇನಲೇ ಅಂದರು, ಇಲ್ರಿ ಅಂದೆ, ಕೈಗೆ ಒಂದು ಪೇಢೆ ಕೊಟ್ಟರು. ತಿಂದೆ. ಸಿಹಿಯಾಗಿತ್ತು. ಕತ್ತಲೆಯಲ್ಲಿಟ್ಟದ್ದಕ್ಕಲ್ಲ, ಪೇಢೆ ಸಿಹಿಯಾಗಿತ್ತಲ್ಲ, ಅದಕ್ಕೆ ಬಂದ ಸಿಟ್ಟು ಈಗಲೂ ಆರಿಲ್ಲ, ಚಪ್ಪಾಳೆ ಕೇಳಿದಾಗ ಮೈ ಅಂಜಿತು, ಆದರೆ ಕಾಲು ಸಂತೋಷಪಟ್ಟಿತು, ಅಂದಿನಿಂದ ನನ್ನ ಕಾಲು ನನ್ನದಲ್ಲ.

ಬೂಟು ಕಾಣುತ್ತಿಲ್ಲ, ಕಾರಂಜಿಯ ಹಿಂದೆ ಹೋಯಿತು, ಬೇವಿನ ಮರದ ಕೆಳಗೆ ಗುರುಪಾದ ಮಾಸ್ತರರ ಗುಂಪು ಸೇರುತ್ತಿದೆ, ಅದೂ ಒಂದು ಸಂಕಟ, ರಿಟೈರಾದ ಮಾಸ್ತರರು, ದಿನಾ ಬೆಳಿಗ್ಗೆ ಹತ್ತು ಮಂದಿಯನ್ನು ಗುಂಡಗೆ ನಿಲ್ಲಿಸಿ ಕೈ ಎತ್ತಿಸಿ ಚಪ್ಪಾಳೆ ಹೊಡೆಸುತ್ತಾರೆ, ರಕ್ತ ಓಡತೈತ್ರಿ ಅನ್ನುತ್ತಾರೆ, ರಕ್ತ ಅವರದ್ದು ಓಡುತ್ತದೋ ಇಲ್ಲವೋ, ಮೊದಲ ದಿನ ನಾನು ಓಡಿದ್ದೆ, ಪೈಪು ಬಿಟ್ಟು ಹಾದಿಗೆ ಹಾರಿ ನಿಂತಿದ್ದೆ, ಯಾಕಲೇ ಹಾವ ಕಂಡಿಯೇನ ಅಂದ ಬಾಷಾಸಾಬ, ಹೌದು ಅಂದೆ, ಸುಳ್ಳಲ್ಲ. ಮರುದಿನದಿಂದ ಆ ಹೊತ್ತಿಗೆ ಅವನು ನನ್ನನ್ನು ಪಂಪಿನ ಮೂಲೆಗೆ ಕಳಿಸುತ್ತಾನೆ, ಪಂಪಿನ ಗುಡುಗುಡಿನಲ್ಲಿ ಏನೂ ಕೇಳಿಸುವುದಿಲ್ಲ. ಇವತ್ತು ಕರೆಂಟಿಲ್ಲ. ಪಂಪು ಸುಮ್ಮನಿದೆ, ಮೇಲಿನ ಟಾಕಿಯ ನೀರು, ಇಲ್ಲೇ ನಿಲ್ಲಬೇಕು. ಅಂಗಡಿ ಬಿಟ್ಟುಬಂದದ್ದು ಯಾಕೆ, ಹೊಡೆದರೇ, ಬೈದರೇ, ಇಲ್ಲವಲ್ಲ, ಜನ ಕೇಳಿದರೆ ಏನು ಹೇಳಲಿ, ಅಮಾವಾಸ್ಯೆಯ ಬೆಳಿಗ್ಗೆ ಅವ್ವ ರೊಟ್ಟಿ ಬಡಿಯುತ್ತಿದ್ದಳು ಅಂತ ಹೇಳಲೇ. ನಾನು ಇನ್ನೂ ಮಲಗಿದ್ದೆ, ಅವ್ವ ಹಿಟ್ಟು ಝಾಡಿಸಲು ಅಂಗೈಗಳನ್ನು ಬಡಿದುಕೊಂಡಳು, ಎರಡು ಸಲ, ಅಷ್ಟೇ, ನಾನು ಎದ್ದು ನೆಟ್ಟಗೆ ನಿಂತಿದ್ದೆ, ಬಂದೆರೀ ಅಂದಿದ್ದೆ, ಕಣ್ಣು ಇನ್ನೂ ತೆರೆದಿರಲಿಲ್ಲ. ತೆರೆದಾಗ ಅವ್ವನ ಅಂಗೈ ಎದುರಿಗೇ ಇದ್ದವು, ಹಿಟ್ಟು ಬಡಿದು ಬೆಳ್ಳಗಾದ ಎರಡು ಅಂಗೈ, ನಡುವೆ ಹೊಗೆ, ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು, ಅವಳು ತಿರುವಲಿಲ್ಲ. ಯಾರಿಗೋ ಎಪ್ಪಾ, ನಾ ನಿಮ್ಮವ್ವ ಅದೀನಿ, ನನಗ್ಯಾಕ ರೀ ಅಂತಿ. ಅಷ್ಟೇ ಕೇಳಿದಳು. ಅವಳೇ ನನ್ನನ್ನು ಕೈಹಿಡಿದು ಆ ಅಂಗಡಿಗೆ ಬಿಟ್ಟುಬಂದವಳು, ಅಪ್ಪ ಸತ್ತ ವರ್ಷ, ಬಿಸಲಿಲ್ಲ, ನೆರಳಾಗಿನ ಕೆಲಸ ಅಂತ, ಅವಳು ಮತ್ತೆ ನನ್ನ ಮುಖ ನೋಡಲಿಲ್ಲ, ಅಂಗೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಆವತ್ತಿನಿಂದ ಹೋಗಲಿಲ್ಲ. ಹೇಳಿ ಬರುವ ಧೈರ್ಯ ಇರಲಿಲ್ಲ, ಹೇಳಲು ಎದುರಿಗೆ ನಿಲ್ಲಬೇಕಿತ್ತು, ಕಳ್ಳನ ಹಾಗೆ ಬಿಟ್ಟೆ, ಆದರೆ ಒಂದು ಮಾತು ಸಿದ್ಧ ಮಾಡಿ ಇಟ್ಟಿದ್ದೇನೆ, ಸಿಕ್ಕರೆ ಹೇಳಲು, ನೀರು ಬಿಡುವಾಗಲೆಲ್ಲ ಅದನ್ನೇ ಅನ್ನುತ್ತಿದ್ದೇನೆ, ನಾ ಬರೂದಿಲ್ರಿ, ನಾ ಬರೂದಿಲ್ರಿ, ಎಷ್ಟು ಸಣ್ಣ ಮಾತು, ಮಗು ಕೂಡ ಅನ್ನುತ್ತದೆ —

ಬೂಟು. ಇಲ್ಲಿದೆ. ಬೇಲಿಯ ಈಚೆ, ಹಾದಿ ಬಿಟ್ಟು ಹುಲ್ಲಿನ ಮೇಲೆ, ನನ್ನ ಎದುರಿಗೆ. ಮುಖ ನೋಡಬೇಡ, ಬೂಟು ನೋಡು, ಬೂಟಿನ ಅಂಚಿಗೆ ಕೆಂಪು ಧೂಳು, ಉಸಿರು ಏರಿದೆ ಅವರಿಗೆ, ಬೆವರಿನ ವಾಸನೆಯಲ್ಲೂ ಡಾಂಬರು ಗುಳಿಗೆ. ಬಯ್ಯಲಿ, ಬೈದರೆ ನಾನೂ ಬೈಯುತ್ತೇನೆ. ಇಳಕಲ್ ಸೀರಿ ಗಂಟ ಎಲ್ಲಿಟ್ಟೀಯೋ, ಅವರು ಕೇಳಿದರು, ನಿನ್ನೆ ಸಂಜೆ ಬಿಟ್ಟ ಮಾತನ್ನು ಮುಂದುವರಿಸಿದ ಹಾಗೆ, ಬಲಗಡಿ ಮೂಲ್ಯಾಗ್ರಿ, ಧೋತ್ರದ ಗಂಟಿನ ಹಿಂದ — ಯಾರು ಹೇಳಿದ್ದು ಅದು, ನಾನೇ, ನನ್ನ ಬಾಯಿ, ನಾನು ಹಲ್ಲು ಕಚ್ಚುವುದರೊಳಗೆ ಹೇಳಿ ಮುಗಿಸಿತ್ತು. ಹೂಂ, ಅಂದರು. ಅಲ್ಲಿ ನನ್ನ ಕೈ ಮುಟ್ಟೂದಿಲ್ಲ. ಬಿಸಲಾಗ ಎಷ್ಟ ಕರ್ರಗಾಗೀ ನೋಡ. ನಿಚ್ಚಣಿಕಿ ಹಚ್ಚಿಟ್ಟೀನಿ, ಬಾ. ಸಿಟ್ಟಿಲ್ಲ, ದನಿಯಲ್ಲಿ ಸಿಟ್ಟೇ ಇಲ್ಲ, ಪೇಢೆ ಕೊಟ್ಟ ದಿನದ ದನಿ, ಹೇಳು, ಈಗ ಹೇಳು, ನಾ ಬರೂ — ಬೂಟು ತಿರುಗಿತು. ಉತ್ತರಕ್ಕೂ ಕಾಯಲಿಲ್ಲ, ಕಾಯುವುದು ಯಾಕೆ, ನನ್ನ ಉತ್ತರ ಗೊತ್ತಿದೆ ಅವರಿಗೆ.

ಬರ್ರಿ ಬರ್ರಿ ಸಾವಕಾರ್ರ, ಗುರುಪಾದ ಮಾಸ್ತರರ ದನಿ, ನೀವೂ ನಿಲ್ರಿ, ಸಕ್ರಿ ಕರಗತೈತಿ. ಬೇಡ, ಅವರನ್ನು ಕರೆಯಬೇಡಿ ಮಾಸ್ತರ, ಹೋಗಲಿ ಬಿಡಿ ಅವರನ್ನು. ಗುಂಪು ಜಾಗ ಮಾಡಿಕೊಟ್ಟಿತು. ಬೇವಿನ ನೆರಳಲ್ಲಿ ಅವರು ನಿಂತರು, ಎಲ್ಲರ ಮುಖ ಮಾಸ್ತರರ ಕಡೆ, ಸಾವುಕಾರರ ಮುಖ ಮಾತ್ರ ಇತ್ತ. ಓಡಬೇಕು, ಗೇಟಿನ ಕಡೆ, ಯಾವ ಕಡೆ ಓಡಿದರೂ ಕಾಲು ಅವರ ಕಡೆಗೇ ಓಡುತ್ತದೆ, ಕಾಲು ಹಿಡಿಯಬೇಕು, ಯಾರಾದರೂ ಕಾಲು ಹಿಡಿಯಿರಿ — ಮಣ್ಣು. ಹೊಸ ಗುಲಾಬಿ ಪಾತಿಗೆ ಹೋದ ವಾರ ಟ್ರ್ಯಾಕ್ಟರಿನಲ್ಲಿ ಯಾವಗಲ್ ಊರಿನಿಂದ ತಂದು ಸುರಿದ ಎರೆಮಣ್ಣು, ಕರಿ ಎರೆ, ತೊಯ್ದರೆ ಎತ್ತಿನ ಕಾಲನ್ನೂ ಬಿಡುವುದಿಲ್ಲ, ಚಪ್ಪಲಿ ಬಿಟ್ಟೆ, ಪಾತಿಗೆ ಇಳಿದೆ, ಪೈಪನ್ನು ನನ್ನ ಕಾಲಿಗೇ ಹಿಡಿದೆ, ನೀರು ತಣ್ಣಗೆ, ಮಣ್ಣು ಮೊದಲು ಜಾರಿತು, ಆಮೇಲೆ ಮೆತ್ತಗಾಯಿತು, ಆಮೇಲೆ ಹಿಡಿಯಿತು, ಹಿಮ್ಮಡ ಮುಳುಗಿತು, ಕಣಕಾಲು ಮುಳುಗಿತು, ಏ ಹುಚ್ಚಾ ಏನ ಮಾಡಾಕತ್ತೀ, ಬಾಷಾಸಾಬ, ಪಾತಿ ಹಾಳಾತಲೋ, ಆಗಲಿ ಚಾಚಾ, ಇವತ್ತೊಂದು ದಿನ ನನ್ನನ್ನು ನೆಟ್ಟುಕೋ, ಗಿಡ ಅಂದುಕೋ, ಗಿಡವನ್ನು ಚಪ್ಪಾಳೆ ಹೊಡೆದು ಕರೆಯುವವರು ಯಾರು. ಎಳೆದು ನೋಡಿದೆ, ಬಲಗಾಲು ಬರಲಿಲ್ಲ, ಎಡಗಾಲು — ಎಡಗಾಲು ಸ್ವಲ್ಪ ಅಲ್ಲಾಡುತ್ತಿದೆ, ಇನ್ನೂ ನೀರು ಬೇಕು, ಟಾಕಿ ಮುಗಿಯುತ್ತ ಬಂತು, ಪೈಪಿನ ನೀರು ಸಣ್ಣಗಾಗುತ್ತಿದೆ, ಎಲೆಯ ಪಟಪಟ ಇಲ್ಲ, ಏನೂ ಸದ್ದಿಲ್ಲ, ಕೈ ಮ್ಯಾಲೆತ್ರಿ ಅಂದರು ಮಾಸ್ತರರು, ಎಲ್ಲರ ಕೈ ಎದ್ದವು, ಅವರ ಕೈಯೂ, ಎಲ್ಲರೂ ಮಾಸ್ತರರನ್ನು ನೋಡುತ್ತಿದ್ದಾರೆ, ಅವರು ನನ್ನನ್ನು, ಮುಖ ಕಾಣುವುದಿಲ್ಲ, ಕೊಂಬೆಯ ನೆರಳು ಮುಖದ ಮೇಲೆ, ಬಿಸಿಲು ಬಿದ್ದದ್ದು ಕೈಗಳ ಮೇಲೆ ಮಾತ್ರ, ಕಿಂಡಿಯೊಳಗೆ ಕಂಡ ಹಾಗೆ, ಎರಡು ಅಂಗೈ, ಎಡಗಾಲು ಮಣ್ಣಿನೊಳಗೆ ಮಿಡಿಯುತ್ತಿದೆ, ಇನ್ನೂ ಬಡಿದಿಲ್ಲ, ನಿಲ್ಲು, ಬಡಿದಿಲ್ಲ ಇನ್ನೂ, ಎರಡು ಅಂಗೈ, ಒಂದರ ಎದುರು ಒಂದು, ನಡುವೆ ಗೇಣು ಬಿಸಿಲು, ಎರಡು ಅಂಗೈ —